ಸ್ಕೋರ್‌ಶೀಟ್‌ನಲ್ಲಿ ಸಿಗದ ದುಡಿಮೆ: ಇಗೊರ್ ಬಿಶ್ಚಾನ್ ಅವರ ಆಟ ಮತ್ತು ತರಬೇತಿ

ಫುಟ್‌ಬಾಲ್ ಚರಿತ್ರೆಯನ್ನು ಬರೆಯುವವರು ಹೆಚ್ಚಾಗಿ ಫೈನಲ್ ಪಂದ್ಯದಿಂದ ಹಿಂದಕ್ಕೆ ಓದುತ್ತಾ ಹೋಗುತ್ತಾರೆ. ಗೆದ್ದವರ, ಗೋಲು ಹೊಡೆದವರ ಹೆಸರು ಮೊದಲು ಕಣ್ಣಿಗೆ ಬೀಳುತ್ತದೆ. ತಂಡವನ್ನು ಅಲ್ಲಿಗೆ ಮುಟ್ಟಿಸಿದವರು ಅಡಿಟಿಪ್ಪಣಿಗೆ ಸರಿಯುತ್ತಾರೆ. ಕ್ರೊಯೇಷ್ಯಾದ ಇಗೊರ್ ಬಿಶ್ಚಾನ್ ಅವರನ್ನು ಈ ಕ್ರಮದಲ್ಲಿ ಓದಿದರೆ ಆಟಗಾರರಾಗಿಯೂ ತರುಣರ ತರಬೇತುದಾರರಾಗಿಯೂ ಅವರು ಮಾಡಿದ ಕೆಲಸದ ಮುಖ್ಯ ಭಾಗವೇ ತಪ್ಪಿಹೋಗುತ್ತದೆ ಎಂಬುದು ಇಲ್ಲಿಯ ವಾದ.

1978ರಲ್ಲಿ ಜಾಗ್ರೆಬ್‌ನಲ್ಲಿ ಹುಟ್ಟಿದ ಬಿಶ್ಚಾನ್ ಆ ಊರಿನ ಡಿನಾಮೊ ಕ್ಲಬ್‌ನ ಕಿರಿಯರ ತಂಡಗಳಲ್ಲಿ ಬೆಳೆದವರು. 2000ದ ಡಿಸೆಂಬರ್‌ನಲ್ಲಿ ಇಂಗ್ಲೆಂಡ್‌ನ ಲಿವರ್‌ಪೂಲ್ ಕ್ಲಬ್‌ನ ಕೋಚ್ ಜೆರಾರ್ ಹೂಲಿಯೆ ಬಿಶ್ಚಾನ್ ಅವರನ್ನು ಅಲ್ಲಿಗೆ ಕರೆಸಿಕೊಂಡರು. ಮರುವರ್ಷದ ಲೀಗ್ ಕಪ್ ಫೈನಲ್‌ನಲ್ಲಿ ಮೊದಲ ಹನ್ನೊಂದು ಮಂದಿಯಲ್ಲಿ ಅವರಿದ್ದರು. ಆದರೆ ಆಮೇಲೆ ಜಾಗ ನೆಲೆಗೊಳ್ಳಲಿಲ್ಲ. ಮಿಡ್‌ಫೀಲ್ಡರ್ ಆಗಿ ಬಂದವರು 2003–04ರ ಋತುವಿನ ಹೆಚ್ಚಿನ ಪಂದ್ಯಗಳನ್ನು ಸೆಂಟರ್ ಬ್ಯಾಕ್ ಆಗಿ ಆಡಬೇಕಾಯಿತು. ರಾಷ್ಟ್ರೀಯ ತಂಡದಲ್ಲೂ 15 ಪಂದ್ಯಗಳಿಗೇ ಅವಕಾಶ ಮುಗಿದಿತ್ತು.

ರಫಾಯೆಲ್ ಬೆನಿಟೆಜ್ ಕೋಚ್ ಆಗಿ ಬಂದ 2004–05ರ ಋತುವನ್ನು ಮಾತ್ರ ನಿಧಾನವಾಗಿ ನೋಡಬೇಕು. ತಂಡದ ನಾಯಕ ಸ್ಟೀವನ್ ಗೆರಾರ್ಡ್ ಗಾಯಗೊಂಡು ಹೊರಗಿದ್ದಾಗ, ಚಾಂಪಿಯನ್ಸ್ ಲೀಗ್‌ನಲ್ಲಿ ಡೆಪೋರ್ಟಿವೊ ವಿರುದ್ಧ ಸ್ಪೇನ್‌ನಲ್ಲಿ 1–0ಯಿಂದ ಗೆದ್ದ ಪಂದ್ಯದಲ್ಲಿ ಡೀಟ್ಮರ್ ಹಾಮನ್ ಜೊತೆ ನಡುಮೈದಾನವನ್ನು ಹಿಡಿದು ನಿಂತವರು ಬಿಶ್ಚಾನ್. ಟ್ಯೂರಿನ್‌ನಲ್ಲಿ ಯುವೆಂಟಸ್ ವಿರುದ್ಧದ ಗೋಲಿಲ್ಲದ ಡ್ರಾದಲ್ಲೂ ಗೆರಾರ್ಡ್ ಇರಲಿಲ್ಲ, ಬಿಶ್ಚಾನ್ ಇದ್ದರು. ಚೆಲ್ಸಿ ವಿರುದ್ಧದ ಸೆಮಿಫೈನಲ್‌ನ ಎರಡೂ ಪಂದ್ಯಗಳನ್ನು ಅವರು ಮೊದಲಿನಿಂದ ಆಡಿದರು. ಆ 2 ಪಂದ್ಯಗಳಲ್ಲಿ ಲಿವರ್‌ಪೂಲ್ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. 2005ರ ಮೇ 25ರಂದು ಇಸ್ತಾಂಬುಲ್ ಫೈನಲ್‌ನಲ್ಲಿ ಅವರು ಬೆಂಚಿನಿಂದ ಏಳಲೇ ಇಲ್ಲ. ಅದೇ ಬೇಸಿಗೆಯಲ್ಲಿ ಒಪ್ಪಂದ ಮುಗಿದು ಗ್ರೀಸ್‌ನ ಪನಾಥಿನಾಯ್ಕೋಸ್ ಕ್ಲಬ್ ಸೇರಿದರು. ಈ ಅಧ್ಯಾಯಕ್ಕೆ ಇಂಗ್ಲಿಷ್ ಫುಟ್‌ಬಾಲ್ ಇತಿಹಾಸದಲ್ಲಿ ಸಿಕ್ಕಿರುವ ಜಾಗ ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಮರಳಿ ಡಿನಾಮೊಗೆ ಬಂದು 2012ರಲ್ಲಿ ಆಟ ನಿಲ್ಲಿಸಿದ ಬಿಶ್ಚಾನ್, ತರಬೇತುದಾರರಾಗಿ ಒಲಿಂಪಿಯಾ ಲ್ಯುಬ್ಲ್ಯಾನಾ ತಂಡಕ್ಕೆ 2018ರಲ್ಲಿ ಸ್ಲೊವೇನಿಯಾದ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟರು. ಮರುವರ್ಷ ರಿಯೆಕಾ ತಂಡದೊಂದಿಗೆ ಕ್ರೊಯೇಷ್ಯಾ ಕಪ್ ಪಡೆದರು. ಬಳಿಕ ದೇಶದ 21 ವರ್ಷದೊಳಗಿನವರ ತಂಡದ ಹೊಣೆ ಬಂತು.

2021ರ ಯೂರೋಪಿಯನ್ ಟೂರ್ನಿಯ ಗುಂಪು ಹಂತದಲ್ಲಿ ಈ ತಂಡ ಮೂರರಲ್ಲಿ ಎರಡು ಪಂದ್ಯ ಸೋತಿತು. ಪೋರ್ಚುಗಲ್ ಎದುರು 0–1, ಸ್ವಿಟ್ಜರ್ಲೆಂಡ್ ಎದುರು 3–2ರ ಗೆಲುವು, ಕೊನೆಗೆ ಸ್ಲೊವೇನಿಯಾದ ಕೋಪೆರ್‌ನಲ್ಲಿ ಇಂಗ್ಲೆಂಡ್ ಎದುರು 1–2. ಆ ಒಂದು ಗೋಲನ್ನು ದೊಮಾಗೊಯ್ ಬ್ರಾದಾರಿಚ್ ಹೊಡೆದದ್ದು 90 ನಿಮಿಷ ಮುಗಿದ ಮೇಲೆ. ಕ್ರೊಯೇಷ್ಯಾ, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್ ಮೂರಕ್ಕೂ ತಲಾ 3 ಅಂಕ. ತಮ್ಮತಮ್ಮೊಳಗಿನ ಪಂದ್ಯಗಳಲ್ಲಿ ಗೋಲು ವ್ಯತ್ಯಾಸವೂ ಮೂರಕ್ಕೂ ಸೊನ್ನೆ. ಆ ಪಂದ್ಯಗಳಲ್ಲಿ ಹೊಡೆದ ಗೋಲುಗಳು ಕ್ರಮವಾಗಿ 4, 3, 2. ಹೀಗೆ ಸೋತ ಪಂದ್ಯದಲ್ಲೇ ಕ್ರೊಯೇಷ್ಯಾ ಈ ಟೂರ್ನಿಯ ಚರಿತ್ರೆಯಲ್ಲಿ ಮೊದಲ ಬಾರಿ ಗುಂಪು ಹಂತ ದಾಟಿತು. ಮಾರಿಬೋರ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಕ್ರೊಯೇಷ್ಯಾವನ್ನು ಮಣಿಸಲು ಸ್ಪೇನ್‌ಗೆ ಹೆಚ್ಚುವರಿ ಅವಧಿಯೇ ಬೇಕಾಯಿತು.

ಅದೇ ಬೇಸಿಗೆಯಲ್ಲಿ ಹಿರಿಯರ ಕೋಚ್ ಜ್ಲಾತ್ಕೊ ದಾಲಿಚ್ ಯೂರೊ ತಂಡಕ್ಕೆ ಈ ತರುಣರ ತಂಡದಿಂದ ಬ್ರಾದಾರಿಚ್, ಲುಕಾ ಇವಾನುಶೆತ್ಸ್, ಯೊಶ್ಕೊ ಗ್ವಾರ್ದಿಯೋಲ್ ಮೂವರನ್ನೂ ಆರಿಸಿಕೊಂಡರು. ಮರುವರ್ಷದ ವಿಶ್ವಕಪ್‌ನಲ್ಲಿ ಕ್ರೊಯೇಷ್ಯಾ ಮೂರನೆಯ ಸ್ಥಾನ ಪಡೆದಾಗ ಗ್ವಾರ್ದಿಯೋಲ್ ರಕ್ಷಣೆಯ ಆಧಾರವಾಗಿದ್ದರು. ಈ ಏಳಿಗೆಯ ಕೀರ್ತಿಯನ್ನು ಬಿಶ್ಚಾನ್ ಅವರಿಗೆ ಬರೆದುಕೊಡುವುದು ಸರಿಯಲ್ಲ. ಗ್ವಾರ್ದಿಯೋಲ್ ಅವರನ್ನು ರೂಪಿಸಿದ್ದು ಡಿನಾಮೊ ಅಕಾಡೆಮಿ. ರಾಷ್ಟ್ರೀಯ ತರುಣರ ತಂಡದ ಕೋಚ್ ಕೈಗೆ ಆಟಗಾರರು ಸಿಗುವುದು ವರ್ಷಕ್ಕೆ ಕೆಲವೇ ವಾರ. ಹೊಡೆತದ ಕೌಶಲ ಕಲಿಸುವಷ್ಟು ಕಾಲ ಅದಲ್ಲ. ಬೇರೆ ಬೇರೆ ಕ್ಲಬ್‌ಗಳಿಂದ ಬಂದ ಹುಡುಗರನ್ನು ಆರಿಸಿ, ಜಾಗ ಹೊಂದಿಸಿ, ಹಿರಿಯರ ತಂಡದ ಬೇಡಿಕೆಗೆ ಅವರನ್ನು ಬಿಟ್ಟುಕೊಡುವುದೇ ಆತನ ಕೆಲಸ. ಒಳ್ಳೆಯ ಆಟಗಾರ ಕೈಬಿಟ್ಟುಹೋದಷ್ಟೂ ಆ ಕೆಲಸ ಸಾರ್ಥಕ.

2023ರಲ್ಲಿ ಡಿನಾಮೊ ಕೋಚ್ ಆದ ಬಿಶ್ಚಾನ್ ಆ ಋತುವಿನ ಲೀಗ್ ಗೆದ್ದರೂ ಆಗಸ್ಟ್‌ನಲ್ಲೇ ಹುದ್ದೆ ಕಳೆದುಕೊಂಡರು. ಕ್ಲಬ್ ಲೆಕ್ಕ ಹಾಕುವುದು ವಾರಗಳಲ್ಲಿ. ತರುಣರ ತಂಡದ ಲೆಕ್ಕಕ್ಕೆ ಹಲವು ವರ್ಷ ಬೇಕು. ಅದರಲ್ಲಿ ಗ್ವಾರ್ದಿಯೋಲ್ ಒಬ್ಬರನ್ನಷ್ಟೇ ಎಣಿಸಿದರೆ ಸಾಲದು, 2021ರ ತಂಡದಲ್ಲಿದ್ದು ಹಿರಿಯರ ಅಂಗಿ ತೊಡದೇ ಉಳಿದವರ ಮುಂದಿನ ವೃತ್ತಿಯನ್ನೂ ಸೇರಿಸಬೇಕು.