ಸೀರೆ ಬಣ್ಣ ಮರಗಿಡದಿಂದ ಬರ್ತಿದ್ದ ಕಾಲ

ಅಂಗಡೀಲಿ ಸೀರೆ ಬಿಡಿಸಿ ನೋಡುವಾಗ ನಾವೆಲ್ಲ ರೇಷ್ಮೇನಾ, ಕಾಟನ್ನಾ, ಬಣ್ಣ ಬಿಡುತ್ತಾ ಅಂತ ಕೇಳ್ತೀವಿ. ಆ ಬಣ್ಣ ಎಲ್ಲಿಂದ ಬಂತು ಅಂತ ಕೇಳೋರು ಕಮ್ಮಿ. ಅದಕ್ಕೆ ನಮ್ಮ ಬೆಂಗಳೂರಲ್ಲೇ ಒಂದು ಕಥೆ ಇದೆ ಕಣ್ರೇ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಡಾಕ್ಟರು ಬೆಂಗಳೂರಿಗೆ ಬಂದು ನೇಕಾರರ ಕಸುಬನ್ನೆಲ್ಲ ಕೇಳಿ ಬರ್ಕೊಂಡ್ರು. ರೇಷ್ಮೆ ನೇಯೋ ಪಟ್ಟೇಗಾರರು ಆಗ ನೂಲಿಗೆ ತಾವೇ ಬಣ್ಣ ಹಾಕೋರು. ಕೆಂಪಿಗೆ ಅರಗು, ಹಳದಿಗೆ ಅರಿಶಿನ, ಕಿತ್ತಳೆಗೆ ಕುಂಕುಮದ ಮರದ ಕಾಯಿ ಮೇಲಿನ ಪುಡಿ. ನೀಲಿ ಅದ್ದೋಕೆ ನೀಲಗಾರರು ಅಂತ ಬೇರೆ ಜನಾನೇ ಇದ್ರು.

ಬರೀ ಕುದಿಸಿದ್ರೆ ಬಣ್ಣ ನಿಲ್ಲಲ್ಲ. ನೂಲು ಬಣ್ಣ ಹಿಡ್ಕೊಳ್ಳೋಕೆ ಪಟಿಕ ಬೇಕು, ಹತ್ತಿ ನೂಲಾದ್ರೆ ಅಳಲೇಕಾಯಿ ಕಷಾಯಾನೂ ಬೇಕು. ನೀಲಿ ಇನ್ನೂ ಸೂಕ್ಷ್ಮ. ದೋಸೆ ಹಿಟ್ಟಿನ ಹಾಗೆ ನೀಲಿ ತೊಟ್ಟೀನೂ ಹುದುಗು ಬರಬೇಕು. ನೂಲು ಎತ್ತಿದಾಗ ಹಳದಿ ಹಸಿರು, ಗಾಳಿ ತಾಗಿದ ಮೇಲೆ ನೀಲಿ! ಹದ ಬಂತಾ ಅಂತ ಹೇಳೋದು ಕಣ್ಣು, ಮೂಗು. ಪುಸ್ತಕ ಓದಿ ಕಲಿಯೋ ಕೆಲಸ ಅಲ್ಲ.

1869ರಲ್ಲಿ ಯೂರೋಪಿನಲ್ಲಿ ಕೆಂಪು ಬಣ್ಣವನ್ನ, 1897ರಲ್ಲಿ ಜರ್ಮನಿಯಲ್ಲಿ ನೀಲಿಯನ್ನ ಕಾರ್ಖಾನೇಲಿ ತಯಾರಿಸಿ ಮಾರೋಕೆ ಶುರು ಮಾಡಿದ್ರು. ಅಗ್ಗ, ಬೇಗ, ಪ್ರತಿ ಸಲಾನೂ ಒಂದೇ ಥರ. ನೇಕಾರರು ಅದನ್ನೇ ಹಿಡಿದ್ರು, ತಪ್ಪು ಅನ್ನೋಕಾಗಲ್ಲ, ಹೊಟ್ಟೆಪಾಡು. ನಮ್ಮ ಕೋಗಿಲಿನಿಂದಾಚೆ ದೊಡ್ಡಬಳ್ಳಾಪುರದಲ್ಲಿ ಇವತ್ತೂ ಮಗ್ಗದ ಸದ್ದಿದೆ, ಆದ್ರೆ ಅದು ಪವರ್‌ಲೂಮ್ ಸದ್ದು.

ಹಳೇ ವಿದ್ಯೆ ಪೂರ್ತಿ ಹೋಗಿಲ್ಲ. ಸಾಗರದ ಹತ್ರ ಹೆಗ್ಗೋಡು ಕಡೆ, ಭೀಮನಕೋಣೇಲಿ, ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಹಳ್ಳಿ ಹೆಂಗಸರ ಜೊತೆ 'ಚರಕ' ಕಟ್ಟಿದ್ರು. ಕೈಮಗ್ಗ, ಗಿಡದ ಬಣ್ಣ. ಅಡಿಕೆ ಬೇಯಿಸಿದ ಮೇಲೆ ಉಳಿಯೋ ಚೊಗರಿನಿಂದ ಕೆಂಗಂದು, ಅಂಥ ಚೊಗರಿಗೆ ಕಬ್ಬಿಣದಂಶ ಸೇರಿದ್ರೆ ಕಪ್ಪು ಛಾಯೆ. ಆ ಬಟ್ಟೆ 'ದೇಸಿ' ಅಂಗಡಿಗಳಿಗೆ ಬರುತ್ತೆ. ಆದ್ರೆ 2020ರಲ್ಲಿ ಕೊರೋನಾ ಹೊತ್ತಿಗೆ ವ್ಯಾಪಾರ ಇಲ್ಲದೆ ಚರಕಾನೂ ತುಂಬಾ ಕಷ್ಟಕ್ಕೆ ಬಿತ್ತು.

ಕೈ ಒಂದು ತಲೆಮಾರು ಸುಮ್ಮನಾದ್ರೆ ವಿದ್ಯೆ ಮುಗೀತು. ಹತ್ತು ಸೀರೇಲಿ ಒಂದಾದ್ರೂ ಕೈಮಗ್ಗದ್ದು ತಗೊಳ್ಳಿ, ಯಾವ ಬಣ್ಣ ಅಂತ ಕೇಳಿ. ತಂದ ಮೇಲೆ ಸೀಗೆ ಅಲ್ಲ, ಅಂಟುವಾಳದ ನೀರಲ್ಲಿ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ.