ಕಡು, ತಿಳಿ, ಮಾಸಲು: ಕಲರ್ ಪಿಕರ್ ಬೆಳೆದು ಬಂದ ದಾರಿ

ಸೀರೆ ಅಂಗಡಿಯಲ್ಲಿ ಜನ ಬಣ್ಣವನ್ನು ಹೇಗೆ ಕೇಳುತ್ತಾರೆ ಗಮನಿಸಿ. "ಇದೇ ನೀಲಿ, ಸ್ವಲ್ಪ ಕಡು ಇದ್ದರೆ ತೋರಿಸಿ." "ಇಷ್ಟು ಮಾಸಲು ಬೇಡಪ್ಪ, ಅಚ್ಚ ಹಸಿರು ತೆಗಿ." ಇಷ್ಟು ಕೆಂಪಿಗೆ ಇಷ್ಟು ಹಸಿರು ಬೆರೆಸಿ ಎಂದು ಯಾರೂ ಹೇಳುವುದಿಲ್ಲ. ಕಂಪ್ಯೂಟರ್ ಪರದೆಗೆ ಗೊತ್ತಿರುವುದು ಮಾತ್ರ ಅದೊಂದೇ: ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಬೆಳಕು, ಒಂದೊಂದೂ ಸೊನ್ನೆಯಿಂದ 255ರವರೆಗೆ. ಚಿತ್ರ ಬಿಡಿಸುವ ತಂತ್ರಾಂಶಗಳ ಕಲರ್ ಪಿಕರ್‌ಗೆ ಈಗ ಐವತ್ತು ವರ್ಷ ದಾಟಿದೆ. ಅಂಗಡಿಯ ಆ ಮಾತನ್ನು ಯಂತ್ರಕ್ಕೆ ಕಲಿಸಿದ ಕಥೆಯೆಂದೇ ನಾನು ಅದನ್ನು ಓದುತ್ತೇನೆ.

1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ರಿಚರ್ಡ್ ಶೂಪ್ 'ಸೂಪರ್‌ಪೇಂಟ್' ಕಟ್ಟಿದರು. ಒಂದು ಹೊತ್ತಿಗೆ 256 ಬಣ್ಣ ತೋರಿಸಬಲ್ಲ ವ್ಯವಸ್ಥೆ ಅದು. ಆ 256 ಯಾವುವೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಳಸುವವರದು. ಮರುವರ್ಷ ಅಲ್ಲಿಗೆ ಬಂದ ಆಲ್ವಿ ರೇ ಸ್ಮಿತ್ ಮಾಡಿದ ಕೆಲಸವೇ ಈ ಕ್ಷೇತ್ರದ ಬುನಾದಿ. ಬಣ್ಣವನ್ನು ಅವರು ಮೂರು ಪ್ರಶ್ನೆಗಳಾಗಿ ಒಡೆದರು: ಯಾವ ಬಣ್ಣ, ಎಷ್ಟು ಅಚ್ಚ, ಎಷ್ಟು ಹೊಳಪು. ಹ್ಯೂ, ಸ್ಯಾಚುರೇಶನ್, ವ್ಯಾಲ್ಯೂ, ಅಂದರೆ ಎಚ್‌ಎಸ್‌ವಿ. ಬಾಸ್ಟನ್ನಿನ ಚಿತ್ರಕಲಾ ಅಧ್ಯಾಪಕ ಆಲ್ಬರ್ಟ್ ಮನ್ಸೆಲ್ 1905ರಲ್ಲೇ ಬಣ್ಣಗಳನ್ನು ಹೀಗೆ ಮೂರು ಗುಣಗಳಿಂದ ವಿಂಗಡಿಸಿದ್ದರು. ಅಂಥ ಆಲೋಚನೆಯನ್ನು ಪರದೆಯ ಕೆಂಪು-ಹಸಿರು-ನೀಲಿಗೆ ಜೋಡಿಸುವ ಸುಲಭ ಲೆಕ್ಕವನ್ನು ಸ್ಮಿತ್ 1978ರಲ್ಲಿ ಪ್ರಕಟಿಸಿದರು.

ಲೆಕ್ಕ ನಿಜಕ್ಕೂ ಸುಲಭ. ಬಣ್ಣಗಳ ಚಕ್ರವನ್ನು 60 ಡಿಗ್ರಿಯ ಆರು ಹೋಳು ಮಾಡಿ, ಯಾವ ಹೋಳಿನಲ್ಲಿದ್ದೇವೆ ಎಂದು ನೋಡಿದರಾಯಿತು. ಅದರ ಫಲ ತಿಳಿಯಬೇಕಾದರೆ ಕಂದು ಬಣ್ಣ ತಯಾರಿಸಿ ನೋಡಬೇಕು. ಕೆಂಪು, ಹಸಿರು, ನೀಲಿಯ ಸ್ಲೈಡರ್‌ಗಳ ಮುಂದೆ ಕೂತ ಮಗುವಿಗೆ ಕಂದು ಎಲ್ಲಿದೆಯೆಂದು ಹೊಳೆಯುವುದೇ ಇಲ್ಲ. ಎಚ್‌ಎಸ್‌ವಿಯಲ್ಲಿ ಕಿತ್ತಳೆ ಹಿಡಿದು ಹೊಳಪನ್ನು ಅರ್ಧಕ್ಕಿಳಿಸಿದರೆ ಸಾಕು, ಕಂದು ತಾನಾಗಿ ಬರುತ್ತದೆ.

ಆದರೆ ಮನೆಗೆ ಬಂದ ಕಂಪ್ಯೂಟರ್‌ಗಳಲ್ಲಿ ಮೊದಮೊದಲು ಬಣ್ಣಗಳಿಗೇ ಹೆಚ್ಚು ಜಾಗವಿರಲಿಲ್ಲ. 1984ರ ಮ್ಯಾಕ್‌ಪೇಂಟ್ ಕಪ್ಪು-ಬಿಳುಪಿನದು. ಬಣ್ಣದ ಬದಲು ಚುಕ್ಕೆ, ಗೆರೆಗಳ ವಿನ್ಯಾಸ. ಮರುವರ್ಷ ಅಮಿಗಾಗೆ ಬಂದ ಡಿಲಕ್ಸ್ ಪೇಂಟ್ 4096 ಬಣ್ಣಗಳಲ್ಲಿ 32 ಆರಿಸಿಕೊಳ್ಳಿ ಎಂದಿತು. ನಮ್ಮಲ್ಲಿ ಬಹಳಷ್ಟು ಜನ ಮೊದಲು ಕಂಡದ್ದು ವಿಂಡೋಸ್ 95ರ ಪೇಂಟ್: ಕೆಳಗೆ 28 ಚೌಕಗಳು, ಯಾವುದನ್ನಾದರೂ ಎರಡು ಸಲ ಒತ್ತಿದರೆ 48 ಸಿದ್ಧ ಬಣ್ಣ, ನಮ್ಮವೇ ಬಣ್ಣಗಳಿಗೆ 16 ಖಾಲಿ ಚೌಕ, ಇನ್ನೊಂದು ಗುಂಡಿ ಒತ್ತಿದರೆ ಕಾಮನಬಿಲ್ಲಿನಂಥ ಹಾಸು, ಪಕ್ಕದಲ್ಲಿ ಹೊಳಪಿನ ಪಟ್ಟಿ. ಆ ಕಿಟಕಿಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಸಿದ್ಧ ಬಣ್ಣ ಮೊದಲು, ಹುಡುಕಾಟ ಆಮೇಲೆ ಎಂಬ ಅದರ ಕ್ರಮ ಸರಿಯಾದದ್ದು. 2002ರಲ್ಲಿ ಮಕ್ಕಳಿಗೆಂದು ಬಂದ, ಕನ್ನಡ ಅನುವಾದವೂ ಇರುವ ಟಕ್ಸ್ ಪೇಂಟ್ ಕೂಡ ಬಣ್ಣಗಳನ್ನು ಕೆಳಗೆ ಸಾಲಾಗಿ ಜೋಡಿಸಿಟ್ಟಿದೆ.

ಈಗ ವೆಬ್ ಪುಟದಲ್ಲಿ ಚಿಕ್ಕ ಚಿತ್ರಫಲಕ ಬರೆಯುವವರಿಗೆ ಎಚ್‌ಟಿಎಂಎಲ್‌ನ ಒಂದೇ ಸಾಲಿನಲ್ಲಿ ಕಲರ್ ಪಿಕರ್ ಸಿಗುತ್ತದೆ. ಸ್ವಂತವಾಗಿ ಬರೆಯುವವರು ಎಡವುವ ಜಾಗ ಒಂದಿದೆ. ಆರಿಸಿದ ಬಣ್ಣವನ್ನು ಕೆಂಪು-ಹಸಿರು-ನೀಲಿಯಾಗಿಯೇ ಉಳಿಸಿಕೊಂಡು, ಸ್ಲೈಡರ್‌ಗಳ ಸ್ಥಾನವನ್ನು ಪ್ರತಿ ಸಲ ಅದರಿಂದಲೇ ಲೆಕ್ಕ ಹಾಕಿದರೆ, ನೀಲಿಯ ಹೊಳಪನ್ನು ಪೂರ್ತಿ ಇಳಿಸಿದ ಕ್ಷಣ ಅದು ಕಪ್ಪಾಗುತ್ತದೆ. ಕಪ್ಪಿಗೆ ಹ್ಯೂ ಇಲ್ಲ. ಮತ್ತೆ ಹೊಳಪು ಏರಿಸಿದರೆ ಬರುವುದು ನೀಲಿಯಲ್ಲ, ಬೂದು. ಹ್ಯೂ ಸ್ಲೈಡರ್ ಸೊನ್ನೆಗೆ, ಅಂದರೆ ಕೆಂಪಿಗೆ, ಹಾರಿ ಕೂತಿರುತ್ತದೆ. ಮೂರು ಸ್ಲೈಡರ್‌ಗಳ ಬೆಲೆಯನ್ನೇ ನೆನಪಿಟ್ಟುಕೊಂಡು, ಬಣ್ಣ ಬಳಿಯುವಾಗಷ್ಟೇ ಪರಿವರ್ತಿಸಿದರೆ ಈ ಕಾಟವಿಲ್ಲ. ಚಿತ್ರದಿಂದಲೇ ಬಣ್ಣ ಹೆಕ್ಕುವ ಐಡ್ರಾಪರ್‌ಗೂ ಇಂಥದ್ದೇ ಒಂದು ಸೂಕ್ಷ್ಮವಿದೆ. ಗೆರೆಯ ಅಂಚು ನುಣುಪಾಗಿ ಕಾಣಲೆಂದು ಬೆರೆಸಿದ ಪಿಕ್ಸೆಲ್ ಅದರ ಬಾಯಿಗೆ ಸಿಕ್ಕರೆ ಬರುವುದು ಯಾರಿಗೂ ಬೇಡದ ಬಣ್ಣ.

ಎಚ್‌ಎಸ್‌ವಿಯ ಕೊರತೆ ಇನ್ನೂ ಆಳದ್ದು. ಅದರ ಪ್ರಕಾರ ಅಚ್ಚ ಹಳದಿಗೂ ಅಚ್ಚ ನೀಲಿಗೂ ಹೊಳಪು ಒಂದೇ, ನೂರಕ್ಕೆ ನೂರು. ಪರದೆಯ ಬೆಳಕನ್ನು ನಮ್ಮ ಕಣ್ಣು ಗ್ರಹಿಸುವ ಅಳತೆಯಲ್ಲಿ ನೋಡಿದರೆ ಆ ಹಳದಿಯ ಪ್ರಕಾಶ ನೀಲಿಯದಕ್ಕಿಂತ ಸುಮಾರು 13 ಪಟ್ಟು. ಹ್ಯೂ ಒಂದನ್ನೇ ಸರಿಸಿದರೂ ಚಿತ್ರದ ನೆರಳು-ಬೆಳಕು ಏರುಪೇರಾಗುವುದು ಇದರಿಂದಲೇ. ಕಣ್ಣಿಗೆ ಹತ್ತಿರದ ಅಳತೆಯಾಗಿ ಸಿಐಇ-ಲ್ಯಾಬ್ 1976ರಿಂದ ಇದ್ದರೂ ಅದರಲ್ಲಿ ನೀಲಿ ನೇರಳೆಯತ್ತ ವಾಲುತ್ತಿತ್ತು. 2020ರ ಕೊನೆಯಲ್ಲಿ ಬ್ಯೋರ್ನ್ ಒಟ್ಟೊಸನ್ ರೂಪಿಸಿದ ಓಕೆಲ್ಯಾಬ್ ಈ ದೋಷವನ್ನು ಬಹುಮಟ್ಟಿಗೆ ತಿದ್ದಿತು. ಮರುವರ್ಷ ಅವರೇ ಕಲರ್ ಪಿಕರ್‌ಗಳಿಗೆಂದು ಓಕೆಎಚ್‌ಎಸ್‌ವಿ ಕೊಟ್ಟರು. ಸ್ಮಿತ್ ಕೇಳಿದ ಮೂರು ಪ್ರಶ್ನೆಗಳೇ ಅಲ್ಲೂ ಇವೆ. ಹಳದಿಯಿಂದ ನೀಲಿಗೆ ಸರಿಸುವಾಗ ಬೆಳಕು ಹೀಗೆ ದಿಢೀರನೆ ಕುಸಿಯಬಾರದೆಂದರೆ ಅವರದೇ ಓಕೆಎಚ್‌ಎಸ್‌ಎಲ್ ಇದೆ. ಪುಟ್ಟ ಚಿತ್ರಫಲಕಕ್ಕೂ ಅದರ ಲೆಕ್ಕ ಭಾರವಲ್ಲ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ.