ಗರದ ಲೆಕ್ಕ

ಹುಣಸೆ ಬೀಜವನ್ನು ಒರಟು ಕಲ್ಲಿನ ಮೇಲೆ ಒಂದೇ ಮಗ್ಗುಲಿಗೆ ತೇಯ್ದರೆ ಸಿಪ್ಪೆ ಸವೆದು ಬಿಳಿ ಕಾಣುತ್ತದೆ. ಅಂಥ ನಾಲ್ಕು ಬೀಜ ಇದ್ದರೆ ಚೌಕಾಬಾರಕ್ಕೆ ಕವಡೆ ಹುಡುಕಬೇಕಿಲ್ಲ. ಒಂದನ್ನು ಅತಿಯಾಗಿ ತೇಯ್ದರೆ ಮಾತ್ರ ಗರ ಒಂದೇ ಕಡೆ ವಾಲತೊಡಗುತ್ತದೆ, ಎದುರಿಗೆ ಕೂತವರು ಕೂಡಲೇ ಹಿಡಿದುಬಿಡುತ್ತಾರೆ. ಮನೆಯಲ್ಲೇ ರೋಲ್‌ಪ್ಲೇಯಿಂಗ್ ಆಟ ಕಟ್ಟಲು ಹೊರಟ ಮೂಡಲಗಿಯ ಹುಡುಗರು, ಇಪ್ಪತ್ತು ಮುಖದ ದಾಳ ತರಿಸುವ ಮುಂಚೆ ಈ ಬೀಜಗಳನ್ನೊಮ್ಮೆ ನೋಡಲಿ. ಯಾವುದು ಮೇಲಿಂದ ಮೇಲೆ ಆಗಬೇಕು, ಯಾವುದು ಅಪರೂಪಕ್ಕೆ ಆಗಬೇಕು ಎಂದು ಗೊತ್ತುಮಾಡುವುದೇ ದಾಳದ ನಿಯಮ. ಆ ಕೆಲಸ ಇಲ್ಲಿ ಬಹಳ ಹಳೆಯದು.

ಋಗ್ವೇದದ ಜೂಜುಗಾರನ ಸೂಕ್ತದಲ್ಲಿ ಬರುವ ದಾಳಕ್ಕೆ ಮುಖಗಳೇ ಇಲ್ಲ, ಅವು ತಾರೆಕಾಯಿಗಳು. ಕಾಯಿಗಳನ್ನು ನಾಲ್ಕರಿಂದ ಭಾಗಿಸಿ ಶೇಷ ಉಳಿಯದಿದ್ದರೆ ಕೃತ, ಒಂದು ಉಳಿದರೆ ಕಲಿ ಎಂದು ವಿದ್ವಾಂಸರು ವಿವರಿಸುತ್ತಾರೆ. ಅಲ್ಲಿ ಗೆಲ್ಲುತ್ತಿದ್ದುದು ಕಾಯಿಗಳೆಷ್ಟೆಂದು ನೋಟದಲ್ಲೇ ಅಂದಾಜಿಸುವ ಕಣ್ಣಳತೆ. ಮಹಾಭಾರತದ ಋತುಪರ್ಣ ನಳನಿಗೆ ಅಕ್ಷವಿದ್ಯೆ ಕೊಟ್ಟದ್ದೂ ತಾರೆಮರದ ಎಲೆ, ಕಾಯಿಗಳ ಲೆಕ್ಕ ಹೇಳಿಯೇ. ಕನ್ನಡದಲ್ಲಿ ಪಂಪನ ಕಾಲಕ್ಕೆ ದಾಳದಾಟದ ಹೆಸರು ‘ನೆತ್ತ’. ಅವನ ಕಾವ್ಯದ ಭಾನುಮತಿ ನೆತ್ತವಾಡಿದ್ದು ಕರ್ಣನೊಡನೆಯೋ ಗಂಡ ದುರ್ಯೋಧನನೊಡನೆಯೋ ಎಂಬ ಜಗಳವನ್ನು ನಮ್ಮ ವಿಮರ್ಶಕರು ಇನ್ನೂ ಮುಗಿಸಿಲ್ಲ.

ಪಗಡೆಯ ಉದ್ದ ದಾಳಗಳಿಗೆ ನಾಲ್ಕೇ ಮುಖ. 1, 3, 4, 6 ಕೊರೆದ ಜೋಡಿ ಸಿಕ್ಕರೆ ಕೂಡಿಸಿ ನೋಡಿ: 3 ಮತ್ತು 11 ಎಂದೂ ಬೀಳವು. 16ರಲ್ಲಿ ನಾಲ್ಕು ಸಲ ಏಳು, ಒಂದೇ ಸಲ ಹನ್ನೆರಡು. ಚೌಕಾಬಾರದ್ದು ಇನ್ನೂ ಜಾಣತನ. ಬೀಜ ಸಮನಾಗಿ ಬೀಳುತ್ತದೆ ಎಂದುಕೊಂಡರೆ 16ರಲ್ಲಿ ಆರು ಸಲ ಎರಡು, ನಾಲ್ಕು ನಾಲ್ಕು ಸಲ ಒಂದು ಮತ್ತು ಮೂರು. ನಾಲ್ಕೂ ಬಿಳಿಯಾದ ಚೌಕ ಒಂದು ಸಲ, ನಾಲ್ಕೂ ಕಪ್ಪಾದ ಬಾರ ಒಂದು ಸಲ. ಬರಿಗೈ ಎನ್ನಬೇಕಾದ ಗರಕ್ಕೆ ಎಂಟು ಮನೆ ಕೊಟ್ಟು, ಮೇಲೆ ಇನ್ನೊಂದು ಗರವನ್ನೂ ಕೊಟ್ಟವರ ತಲೆಗೆ ಶರಣು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಆಟಗಳನ್ನು ರೂಪಿಸುವುದನ್ನು ಅರಮನೆಯ ಹವ್ಯಾಸವನ್ನಾಗಿಯೇ ಮಾಡಿಕೊಂಡಿದ್ದರು.

ಅಮೆರಿಕದಲ್ಲಿ ಗೈಗ್ಯಾಕ್ಸ್, ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ತಂದಾಗ ದಾಳಕ್ಕೆ ಹೊಸ ಕೆಲಸ ಬಿತ್ತು. ಕಾಯಿ ನಡೆಸುವ ಬದಲು, ಪಾತ್ರ ಹೇಳಿದ್ದು ನಡೆಯಿತೇ ಇಲ್ಲವೇ ಎಂದು ತೀರ್ಮಾನಿಸುವುದು. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಅಂಕಿಗೂ ಶೇ 5ರ ಪಾಲು. ಪೈಲ್ವಾನನಿಗೂ ಪೋರನಿಗೂ ದಾಳದಲ್ಲಿ 1 ಬೀಳುವ ಅವಕಾಶ ಅಷ್ಟೇ. ನನಗೆ ಅದು ರುಚಿಸಲಿಲ್ಲ. 1977ರ ‘ಟ್ರಾವೆಲರ್’ ಎರಡು ದಾಳ ಕೂಡಿಸಿ ನಡುವಿನ ಗರಕ್ಕೆ ಬಲ ಕೊಟ್ಟಿತು. 1992ರ ‘ಫಜ್’ನಲ್ಲಿ ಕೂಡು, ಕಳೆ, ಖಾಲಿ ಗುರುತಿನ ನಾಲ್ಕು ದಾಳ: ಹೆಚ್ಚು ಕಡಿಮೆ ನಮ್ಮ ನಾಲ್ಕು ಕವಡೆಗಳೇ. ‘ಅಪೊಕ್ಯಾಲಿಪ್ಸ್ ವರ್ಲ್ಡ್’ (2010) ಸೋಲು ಗೆಲುವುಗಳ ನಡುವೆ ‘ಆಯಿತು, ಆದರೆ ಬೆಲೆ ತೆರು’ ಎಂಬ ಮೂರನೆಯ ಫಲ ಸೇರಿಸಿತು.

ಪಾತ್ರಗಳಿಗೆ ನಮ್ಮಲ್ಲೇನು ಬರವೇ? ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ದೂತಿಯ ಮಾತು ಅಲ್ಲಲ್ಲೇ ಹುಟ್ಟುತ್ತದೆ. ಮುನಿದ ಸತ್ಯಭಾಮೆಯನ್ನು ದೂತಿ ಒಲಿಸಬೇಕು ಎಂದಿಟ್ಟುಕೊಳ್ಳಿ; ಮೂರು ಅಥವಾ ಹೆಚ್ಚು ಬಿಳಿ ಬಿದ್ದರೆ ಒಲಿದಳು. ನಾಲ್ಕು ಬೀಜಕ್ಕೆ ಆ ಅವಕಾಶ ಶೇ 31. ಆಡುವವರ ಮಾತು ಚುರುಕಾಗಿದ್ದರೆ ಐದನೆಯ ಬೀಜ ಕೊಡಿ, ಶೇ 50. ಆರಕ್ಕೆ ಶೇ 66. ಸರಿಯಾಗಿ ಎರಡೇ ಬಿಳಿ ಬಿದ್ದರೆ ಒಲಿಯುತ್ತಾಳೆ, ಆದರೆ ಪಾರಿಜಾತದ ಗಿಡವನ್ನೇ ಕೇಳುತ್ತಾಳೆ. ಕೂಡಿ ಕಳೆಯುವ ಗೊಡವೆ ಇಲ್ಲ, ಬಿಳಿ ಎಣಿಸಿದರಾಯಿತು.

ಚೌಕಾಬಾರದ ಕಟ್ಟಳೆ ಊರಿಂದೂರಿಗೆ ಬೇರೆ. ನಿಮ್ಮ ಮನೆಯ ಅಜ್ಜಿ ಯಾವ ಗರಕ್ಕೆ ಏನನ್ನುತ್ತಾರೆ, ಯಾವುದಕ್ಕೆ ಇನ್ನೊಮ್ಮೆ ಆಡಲು ಬಿಡುತ್ತಾರೆ, ಕೇಳಿ ಬರೆದಿಡಿ. ನಿಮ್ಮ ಆಟದ ಮೊದಲ ಪುಟ ಅದೇ ಆಗಲಿ.